ಅಫೀಮೂ ವಿಚಾರಣಾ ಮಂಡಲಿಗಳೂ

ಗಸಗಸೆಯ ಪಾಯಸವನ್ನು ಉಣ್ಣದ ಕನ್ನಡಿಗರು ವಿರಳ. ಹಬ್ಬದ ಊಟದಲ್ಲಿ ಅದನ್ನು ಎರಡು ಸಲ ಬಡಿಸಿಕೊಂಡ ಮೇಲೆ ಬರುವ ಸುಖನಿದ್ರೆಯನ್ನು ಕುರಿತು ನಮ್ಮ ಮನೆಗಳಲ್ಲಿ ಹಾಸ್ಯದ ಮಾತಿಗೂ ಕೊರತೆಯಿಲ್ಲ. ಆ ಗಸಗಸೆ ಯಾವ ಗಿಡದ ಬೀಜವೋ ಆ ಗಿಡದ ಹಸಿಯ ಕಾಯನ್ನು ಗೀರಿ ಬಿಟ್ಟರೆ ಬಿಳಿಯ ಹಾಲೊಂದು ಒಸರಿ, ಗಾಳಿಗೆ ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾಗುತ್ತದೆ. ಅದೇ ಅಫೀಮು. ಬೀಜವು ಅಡಿಗೆಮನೆಗೆ ಬಂದಿತು. ಹಾಲು ವೈದ್ಯನ ಪೆಟ್ಟಿಗೆಗೂ, ವ್ಯಸನಿಯ ಕೈಗೂ, ಬಹು ಕಾಲ ಸರ್ಕಾರದ ಬೊಕ್ಕಸಕ್ಕೂ ಹೋಯಿತು. ನೋವನ್ನು ಅಡಗಿಸುವುದರಲ್ಲಿ ಅದಕ್ಕೆ ಸಮನಾದ ವಸ್ತುಗಳು ಕೆಲವೇ. ಮನುಷ್ಯನನ್ನು ತನ್ನ ಕೈವಶ ಮಾಡಿಕೊಳ್ಳುವುದರಲ್ಲಿಯೂ ಹಾಗೆಯೇ.

ಇಂತಹ ಎರಡು ಮುಖದ ವಸ್ತುವನ್ನು ಏನು ಮಾಡಬೇಕೆಂಬುದು ರಾಜ್ಯವಾಳುವವರಿಗೆ ಎಂದೂ ಸುಲಭವಾಗಿ ಬಗೆಹರಿಯಲಿಲ್ಲ. ಬಗೆಹರಿಯದ ವಿಷಯ ಬಂದಾಗ ಸರ್ಕಾರಗಳು ಮಾಡುವ ಕೆಲಸವೊಂದುಂಟು: ಬಲ್ಲವರನ್ನು ಕೂಡಿಸಿ ಒಂದು ಮಂಡಲಿಯನ್ನು ರಚಿಸಿ, ಅದರ ಸಲಹೆಯನ್ನು ಬೇಡುವುದು. ಅಫೀಮಿನ ಚರಿತ್ರೆಯಲ್ಲಿ ಇಂತಹ ಮಂಡಲಿಗಳು ಅನೇಕವಾಗಿ ಬಂದುಹೋಗಿವೆ. ಅವುಗಳಲ್ಲಿ ಕೆಲವು ದೊಡ್ಡ ದೊಡ್ಡ ಸಂಪುಟಗಳನ್ನು ಅಚ್ಚು ಹಾಕಿಸಿ ಏನನ್ನೂ ಕದಲಿಸದೆ ಹೋದವು. ಕೆಲವು ಸಣ್ಣ ವರದಿಯಿಂದ ದೇಶದ ನಡೆಯನ್ನೇ ತಿರುಗಿಸಿದವು. ಈ ಭೇದಕ್ಕೆ ಕಾರಣವೇನು ಎಂಬುದನ್ನು ಈ ಭಾಷಣದಲ್ಲಿ ವಿಚಾರಮಾಡಬೇಕೆಂದಿದ್ದೇವೆ.

ಮೊದಲು ನಮ್ಮ ದೇಶದಲ್ಲಿಯೇ ನಡೆದ ಅತಿ ದೊಡ್ಡ ವಿಚಾರಣೆಯನ್ನು ತೆಗೆದುಕೊಳ್ಳೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದ ಬ್ರಿಟಿಷ್ ಸರ್ಕಾರವೇ ಅಫೀಮಿನ ವರ್ತಕನಾಗಿದ್ದಿತು. ಬಿಹಾರ ಮತ್ತು ಕಾಶಿಯ ಪ್ರಾಂತಗಳಲ್ಲಿ ರೈತನು ಸರ್ಕಾರದಿಂದ ಮುಂಗಡ ಹಣವನ್ನು ಪಡೆದು, ಗಸಗಸೆಯನ್ನು ಬೆಳೆದು, ಹಾಲನ್ನೆಲ್ಲ ಸರ್ಕಾರವು ಗೊತ್ತುಮಾಡಿದ ಬೆಲೆಗೆ ಅದಕ್ಕೇ ಒಪ್ಪಿಸಬೇಕಾಗಿತ್ತು. ಪಾಟ್ನಾ ಮತ್ತು ಘಾಜಿಪುರದ ಕಾರ್ಖಾನೆಗಳಲ್ಲಿ ಅದನ್ನು ಉಂಡೆ ಕಟ್ಟಿ ಪೆಟ್ಟಿಗೆಗಳಲ್ಲಿ ತುಂಬಿ, ಕಲಕತ್ತೆಯಲ್ಲಿ ಹರಾಜು ಹಾಕುತ್ತಿದ್ದರು. ಅಲ್ಲಿಂದ ಅದು ಚೀನಾ ದೇಶಕ್ಕೆ ಹೋಗುತ್ತಿತ್ತು. ಇಂದೂರು, ಗ್ವಾಲಿಯರ್ ಮೊದಲಾದ ಸಂಸ್ಥಾನಗಳಲ್ಲಿ ಬೆಳೆದ ಮಾಳವದ ಅಫೀಮು ಬ್ರಿಟಿಷರಿಗೆ ಸುಂಕವನ್ನು ತೆತ್ತು ಬೊಂಬಾಯಿಯಿಂದ ಹಡಗು ಹತ್ತುತ್ತಿತ್ತು. ಭೂಕಂದಾಯ, ಉಪ್ಪಿನ ತೆರಿಗೆಗಳ ಜೊತೆಗೆ ಇದೂ ಬೊಕ್ಕಸದ ಮುಖ್ಯವಾದ ಬಾಬು. ೧೮೮೦ರ ಸುಮಾರಿಗೆ ಒಟ್ಟು ಹುಟ್ಟುವಳಿಯಲ್ಲಿ ಹೆಚ್ಚುಕಡಮೆ ಏಳರಲ್ಲೊಂದು ಪಾಲು ಇದರಿಂದಲೇ ಬರುತ್ತಿದ್ದಿತು.

ಇಂಗ್ಲೆಂಡಿನಲ್ಲಿ ಇದು ಅನ್ಯಾಯವೆಂದು ಕೂಗೆಬ್ಬಿಸಿದವರೂ ಇದ್ದರು. ಅವರಲ್ಲಿ ಕ್ವೇಕರ್ ಪಂಥದವರು ಮುಖ್ಯರು. ೧೮೯೧ರ ಏಪ್ರಿಲಿನಲ್ಲಿ ಸರ್ ಜೋಸೆಫ್ ಪೀಸ್ ಎಂಬವರು ಕಾಮನ್ಸ್ ಸಭೆಯಲ್ಲಿ, ಅಫೀಮಿನ ಹುಟ್ಟುವಳಿಯು ನೀತಿಗೆ ಒಪ್ಪತಕ್ಕದ್ದಲ್ಲವೆಂಬ ನಿರ್ಣಯವನ್ನು ತಂದಾಗ, ಅದಕ್ಕೆ ೧೬೦ ಮತಗಳು ಬಂದು ವಿರೋಧವಾಗಿ ೧೩೦ ಮಾತ್ರ ಬಿದ್ದವು. ಎರಡು ವರ್ಷಗಳ ತರುವಾಯ, ೧೮೯೩ರ ಜೂನ್ ೩೦ರಂದು, ಐರ್ಲೆಂಡಿನ ಆಲ್‌ಫ್ರೆಡ್ ವೆಬ್ ಎಂಬ ಸದಸ್ಯರು ಮುಂದಿನ ಹೆಜ್ಜೆಯನ್ನಿಟ್ಟರು. ಇವರೇ ಮರುವರ್ಷ ಮದರಾಸಿನಲ್ಲಿ ಸೇರಿದ ಕಾಂಗ್ರೆಸ್ಸಿನ ಅಧ್ಯಕ್ಷರಾದವರು. ವೆಬ್ಬರ ಕೋರಿಕೆಯ ಸಾರವು ಇದು: ಈ ವ್ಯಾಪಾರವು ತಪ್ಪೆಂದು ಸಭೆ ಆಗಲೇ ಹೇಳಿದೆ, ಆದುದರಿಂದ ಇದನ್ನು ನಿಲ್ಲಿಸಿದರೆ ಭಾರತದ ಬೊಕ್ಕಸಕ್ಕೆ ಬೀಳುವ ಕೊರತೆಯನ್ನು ಹೇಗೆ ತುಂಬಬೇಕೆಂಬುದನ್ನು ವಿಚಾರಿಸುವುದಕ್ಕೆ ಒಂದು ಕಮಿಷನ್ನನ್ನು ನೇಮಿಸಬೇಕು.

ಪ್ರಧಾನಮಂತ್ರಿ ಗ್ಲಾಡ್‌ಸ್ಟನ್ ಮಹಾಶಯರು ಕಮಿಷನ್ನು ಬೇಡವೆನ್ನಲಿಲ್ಲ. ಪ್ರಶ್ನೆಯನ್ನು ಮಾತ್ರ ತಿದ್ದಿದರು. ಔಷಧಕ್ಕಲ್ಲದೆ ಬೇರೆ ಉಪಯೋಗಕ್ಕೆ ಅಫೀಮನ್ನು ನಿಷೇಧಿಸಬೇಕೆ? ನಿಷೇಧಿಸಿದರೆ ಹಣದ ಗತಿಯೇನು? ದೇಶೀಯ ಸಂಸ್ಥಾನಗಳ ಜೊತೆಗಿನ ಏರ್ಪಾಡುಗಳ ಗತಿಯೇನು? ಭಾರತದ ಜನರ ಮನಸ್ಸು ಹೇಗಿದೆ? ನಿಷೇಧದ ಖರ್ಚನ್ನು ಹೊರುವುದಕ್ಕೆ ಅವರು ಸಿದ್ಧರಾಗಿದ್ದಾರೆಯೆ? ಇವೇ ಹೊಸ ಪ್ರಶ್ನೆಗಳು. ವೆಬ್ಬರು ‘ಹೇಗೆ’ ಎಂದು ಕೇಳಿದ್ದರು; ಸಭೆಯು ಅಂಗೀಕರಿಸಿದುದು ‘ಬೇಕೆ, ಬೇಡವೆ’ ಎಂಬುದನ್ನು. ಒಂದೆರಡು ಮಾತಿನ ಈ ತಿದ್ದುಪಡಿಯಲ್ಲಿಯೇ ಮುಂದಿನ ಎರಡು ವರ್ಷಗಳ ಕಥೆಯು ಬಹುಮಟ್ಟಿಗೆ ಅಡಗಿತ್ತೆಂದು ನಾವು ಭಾವಿಸುತ್ತೇವೆ.

ಕಮಿಷನ್ನಿನಲ್ಲಿ ಒಂಬತ್ತು ಮಂದಿ ಇದ್ದರು. ಲಾರ್ಡ್ ಬ್ರಾಸಿಯವರು ಅಧ್ಯಕ್ಷರು. ಪಂಜಾಬಿನ ಲೆಫ್ಟಿನೆಂಟ್ ಗವರ್ನರಾಗಿದ್ದ ಸರ್ ಜೇಮ್ಸ್ ಲಯಲ್, ಹೆಸರಾಂತ ವೈದ್ಯರಾದ ಸರ್ ವಿಲಿಯಂ ರಾಬರ್ಟ್ಸ್ ಮೊದಲಾದವರು ಸದಸ್ಯರು. ಭಾರತೀಯರು ಇಬ್ಬರು: ದರ್ಭಂಗದ ಮಹಾರಾಜರಾದ ಲಕ್ಷ್ಮೀಶ್ವರ ಸಿಂಹರು ಮತ್ತು ಜುನಾಗಢ ಸಂಸ್ಥಾನದ ದಿವಾನರಾಗಿದ್ದ ಹರಿದಾಸ ವಿಹಾರಿದಾಸ ದೇಸಾಯಿಯವರು. ಅಫೀಮಿನ ವಿರೋಧಿಗಳ ಕಡೆಯವರಾಗಿ ಆರ್ಥರ್ ಪೀಸ್ ಮತ್ತು ಹೆನ್ರಿ ವಿಲ್ಸನ್ ಎಂಬಿಬ್ಬರಿದ್ದರು. ೧೮೯೩ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಆರಂಭವಾದ ವಿಚಾರಣೆಯು ನವೆಂಬರಿನಲ್ಲಿ ಕಲಕತ್ತೆಗೆ ಬಂದು, ಉತ್ತರ ಹಿಂದೂಸ್ಥಾನವನ್ನು ಸುತ್ತಿ, ಮರುವರ್ಷದ ಫೆಬ್ರವರಿಯಲ್ಲಿ ಬೊಂಬಾಯಿಯಲ್ಲಿ ಮುಗಿಯಿತು. ಸಾಕ್ಷಿಗಳು ೭೨೩ ಮಂದಿ; ಅವರಿಗೆ ಹಾಕಿದ ಪ್ರಶ್ನೆಗಳು ಸುಮಾರು ೨೯,೦೦೦. ೧೮೯೫ರಲ್ಲಿ ಹೊರಬಿದ್ದ ವರದಿಯ ತೀರ್ಮಾನವೇನೆಂದರೆ: ಭಾರತದಲ್ಲಿ ಅಫೀಮನ್ನು ಜನರು ಹೆಚ್ಚಾಗಿ ಮಿತವಾಗಿ ಸೇವಿಸುತ್ತಾರೆ, ಪಶ್ಚಿಮ ದೇಶಗಳಲ್ಲಿ ಮದ್ಯವು ಹೇಗೋ ಇಲ್ಲಿ ಇದು ಹಾಗೆ, ನಿಷೇಧವನ್ನು ಜನರು ಬಯಸುತ್ತಿಲ್ಲ, ಅದರ ಖರ್ಚನ್ನು ಹೊರಲೂ ಒಲ್ಲರು. ಆರ್ಥರ್ ಪೀಸರೂ ಇದಕ್ಕೆ ರುಜು ಹಾಕಿದರು. ಒಪ್ಪದೆ ಬೇರೆಯಾಗಿ ಬರೆದವರು ವಿಲ್ಸನ್ನರೊಬ್ಬರೇ. ಸಾಕ್ಷಿಗಳನ್ನು ಹುಡುಕಿ ತಂದು ನಿಲ್ಲಿಸಿದ ಕೆಲಸದಲ್ಲಿ ಸರ್ಕಾರದ ಅಧಿಕಾರಿಗಳ ಕೈವಾಡವು ಅತಿಯಾಗಿದ್ದಿತೆಂಬುದು ಅವರ ಮುಖ್ಯವಾದ ಆಕ್ಷೇಪ.

ಈ ಕಮಿಷನ್ನನ್ನು ಬರಿಯ ಕಪಟನಾಟಕವೆಂದು ತಳ್ಳಿಬಿಡುವುದು ನ್ಯಾಯವಾಗಲಾರದು. ರಜಪೂತರ ಮನೆಗಳಲ್ಲಿ ನೀರಿನಲ್ಲಿ ಕದಡಿದ ಅಫೀಮನ್ನು ಅತಿಥಿಗೆ ಕೊಡುವುದು ಮರ್ಯಾದೆಯೆಂದೆಣಿಸುತ್ತಿದ್ದುದು ನಿಜ. ದಿನಕ್ಕೆ ಒಂದಿಷ್ಟನ್ನು ತಿಂದು ಮುಪ್ಪಿನವರೆಗೆ ದುಡಿದವರು ಇದ್ದುದೂ ನಿಜ. ಅಫೀಮನ್ನು ತೆಗೆದುಬಿಟ್ಟರೆ ಹೊಸ ತೆರಿಗೆ ಬಂದೀತೆಂಬ ಭಾರತೀಯರ ಭಯವೂ ನಿರಾಧಾರವಾದುದಲ್ಲ. ಆದರೆ ಅಂದು ಶಾಸ್ತ್ರವೆಂದು ಹೇಳಿದುದರ ಗತಿಯನ್ನು ನೋಡಿ. ಅಫೀಮು ಚಳಿಜ್ವರಕ್ಕೆ ರಕ್ಷೆಯೆಂದು ವೈದ್ಯರೇ ಸಾಕ್ಷಿ ನುಡಿದರು. ವರದಿಯಲ್ಲಿ ಆ ವಾದಕ್ಕೆ ದೊಡ್ಡ ಸ್ಥಾನ ದೊರೆಯಿತು. ವರದಿಯು ಬಂದ ಎರಡೇ ವರ್ಷಗಳಲ್ಲಿ, ೧೮೯೭ರಲ್ಲಿ, ರೊನಾಲ್ಡ್ ರಾಸ್ ಅವರು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಆ ಜ್ವರದ ಜಂತುವನ್ನು ಕಂಡರು. ಅಫೀಮು ಮೈನೋವನ್ನು ಮರೆಸುತ್ತಿತ್ತೇ ಹೊರತು ಜ್ವರವನ್ನು ತಡೆಯುವ ಶಕ್ತಿ ಅದಕ್ಕಿರಲಿಲ್ಲ.

ಹಣದ ವಾದವೂ ಹೆಚ್ಚು ಕಾಲ ನಿಲ್ಲಲಿಲ್ಲ. ೧೯೦೬ರಲ್ಲಿ ಚೀನಾದ ಸರ್ಕಾರವು ಹತ್ತು ವರ್ಷಗಳಲ್ಲಿ ಅಫೀಮನ್ನು ತೊಲಗಿಸುವುದಾಗಿ ಸಾರಿತು. ೧೯೦೭ರಲ್ಲಿ ಬ್ರಿಟನ್ನು ಅದರೊಡನೆ ಒಪ್ಪಂದ ಮಾಡಿಕೊಂಡು ರಫ್ತನ್ನು ವರ್ಷವರ್ಷಕ್ಕೂ ಇಳಿಸಲು ಒಡಂಬಟ್ಟಿತು. ೧೯೧೩ರ ಹೊತ್ತಿಗೆ ಭಾರತದಿಂದ ಚೀನಾಕ್ಕೆ ಅಫೀಮಿನ ಮಾರಾಟವು ನಿಂತೇ ಹೋಯಿತು. ಬೊಕ್ಕಸವು ಮುಳುಗಲಿಲ್ಲ. ಒಂಬತ್ತು ಮಂದಿ ಬಲ್ಲವರಲ್ಲಿ ಎಂಟು ಮಂದಿ ಕೈಬಿಡಲು ಒಪ್ಪದಿದ್ದ ವ್ಯಾಪಾರವು, ಯಾವ ಹೊಸ ಕಮಿಷನ್ನೂ ಇಲ್ಲದೆ, ಅವರ ವರದಿಯ ಶಾಯಿ ಒಣಗಿದ ಹದಿನೆಂಟು ವರ್ಷಗಳಲ್ಲಿ ಮುಗಿದಿತ್ತು.

ಈಗ ಇದಕ್ಕೆ ಹೋಲಿಸತಕ್ಕ ಒಂದು ಚಿಕ್ಕ ಮಂಡಲಿಯನ್ನು ನೋಡೋಣ. ೧೮೯೮ರ ಯುದ್ಧದಲ್ಲಿ ಸ್ಪೇನನ್ನು ಸೋಲಿಸಿ ಫಿಲಿಪ್ಪೈನ್ ದ್ವೀಪಗಳನ್ನು ಕೈಗೆ ತೆಗೆದುಕೊಂಡ ಅಮೆರಿಕದವರಿಗೆ ಅಲ್ಲಿಯ ಅಫೀಮಿನ ಪ್ರಶ್ನೆಯೂ ಜೊತೆಯಲ್ಲಿಯೇ ಬಂದಿತು. ೧೯೦೩ರಲ್ಲಿ ಅವರು ಮೂವರನ್ನು ನೇಮಿಸಿದರು: ಸೈನ್ಯದ ವೈದ್ಯರಾದ ಮೇಜರ್ ಕಾರ್ಟರ್, ಪಾದ್ರಿಗಳಾದ ಬಿಷಪ್ ಬ್ರೆಂಟ್, ಮತ್ತು ಮನಿಲಾದ ವೈದ್ಯರೇ ಆದ ಹೋಸೆ ಆಲ್ಬರ್ಟ್. ಜಪಾನು, ಫಾರ್ಮೋಸಾ, ಷಾಂಘೈ, ಸಿಂಗಪುರ, ಬರ್ಮಾ, ಜಾವಾ ಮೊದಲಾದ ಕಡೆಗಳಲ್ಲಿ ಅಫೀಮನ್ನು ಹೇಗೆ ಹತೋಟಿಯಲ್ಲಿಟ್ಟಿದ್ದಾರೆಂಬುದನ್ನು ಕಣ್ಣಾರೆ ಕಂಡು ಬಂದು ಹೇಳುವುದು ಇವರ ಕೆಲಸ. ಮೂವರೂ ಸುತ್ತಿ ಬಂದು ಕೊಟ್ಟ ಸಲಹೆ ಹೀಗಿದೆ: ಮೂರು ವರ್ಷಗಳ ಕಾಲ ಮಾರಾಟವು ಸರ್ಕಾರದ ಕೈಯಲ್ಲಿಯೇ ಇದ್ದು, ಆ ಬಳಿಕ ಔಷಧಕ್ಕಲ್ಲದೆ ಪೂರ್ಣವಾಗಿ ನಿಲ್ಲಬೇಕು. ಅಮೆರಿಕದ ಶಾಸನಸಭೆಯು ೧೯೦೫ರಲ್ಲಿ ಕಾನೂನನ್ನು ಮಾಡಿತು. ೧೯೦೮ರ ಮಾರ್ಚಿಯಿಂದ ನಿಷೇಧವು ಜಾರಿಗೆ ಬಂದಿತು. ಕಳ್ಳಸಾಗಣೆಯು ಇದರಿಂದ ನಿಲ್ಲಲಿಲ್ಲವೆಂಬುದನ್ನು ಹೇಳಲೇಬೇಕು. ಆದರೂ ಮಂಡಲಿಯ ಶ್ರಮವು ವ್ಯರ್ಥವಾಗಲಿಲ್ಲ. ಬಿಷಪ್ ಬ್ರೆಂಟರೇ ೧೯೦೯ರಲ್ಲಿ ಷಾಂಘೈಯಲ್ಲಿ ಹದಿಮೂರು ರಾಷ್ಟ್ರಗಳು ಸೇರಿದ ಅಫೀಮಿನ ಸಭೆಯ ಅಧ್ಯಕ್ಷರಾದರು. ಅದರಿಂದ ೧೯೧೨ರ ಹೇಗ್ ಒಪ್ಪಂದವು ಹುಟ್ಟಿತು.

ಮತ್ತೆ ನಮ್ಮ ದೇಶಕ್ಕೆ ಬರೋಣ. ಚೀನಾಕ್ಕೆ ಹೋಗುವ ಅಫೀಮು ನಿಂತರೂ ದೇಶದೊಳಗಿನ ಮಾರಾಟವು ನಿಲ್ಲಲಿಲ್ಲ. ಇದರ ಪೆಟ್ಟು ಎಲ್ಲಕ್ಕಿಂತ ಹೆಚ್ಚಾಗಿ ಬಿದ್ದುದು ಅಸ್ಸಾಮಿನ ಮೇಲೆ. ಅಲ್ಲಿ ಅಫೀಮಿಗೆ ‘ಕಾನಿ’ ಎಂದೂ ಅದನ್ನು ತಿನ್ನುವವನಿಗೆ ‘ಕಾನಿಯಾ’ ಎಂದೂ ಹೆಸರು. ೧೮೬೧ರಷ್ಟು ಹಿಂದೆಯೇ ಹೇಮಚಂದ್ರ ಬರುವಾ ಅವರು ‘ಕಾನಿಯಾರ್ ಕೀರ್ತನ್’ ಎಂಬ ನಾಟಕವನ್ನು ಬರೆದು ಈ ಚಟದಿಂದ ಹಾಳಾಗುವ ಮನೆತನವನ್ನು ಚಿತ್ರಿಸಿದ್ದರು. ಸುಮಾರು ಅದೇ ಕಾಲಕ್ಕೆ ಸರ್ಕಾರವು ಅಸ್ಸಾಮಿನಲ್ಲಿ ಗಸಗಸೆಯ ಬೆಳೆಯನ್ನು ನಿಷೇಧಿಸಿತು. ಆದರೆ ಅಫೀಮನ್ನು ನಿಷೇಧಿಸಲಿಲ್ಲ. ತಾನೇ ತಂದು ಮಾರತೊಡಗಿತು. ಬೆಲೆಯನ್ನು ಏರಿಸುತ್ತ ಹೋದರೆ ತಿನ್ನುವವರು ಕಡಮೆಯಾಗುವರೆಂಬುದು ಅಧಿಕಾರಿಗಳ ವಾದ. ಬೆಲೆಯೂ ಏರಿತು, ಹುಟ್ಟುವಳಿಯೂ ಏರಿತು, ಚಟವು ಮಾತ್ರ ಬಿಡಲಿಲ್ಲ. ಔಷಧಕ್ಕೂ ಶಾಸ್ತ್ರಕ್ಕೂ ಹತ್ತು ಸಾವಿರ ಜನಕ್ಕೆ ವರ್ಷಕ್ಕೆ ಆರು ಸೇರು ಅಫೀಮು ಸಾಕೆಂದು ರಾಷ್ಟ್ರಸಂಘವು ಎಣಿಸಿದ್ದಿತು. ಬ್ರಹ್ಮಪುತ್ರದ ದಂಡೆಯ ಕೆಲವು ಜಿಲ್ಲೆಗಳಲ್ಲಿ ಅದರ ಎಷ್ಟೋ ಮಡಿ ಖರ್ಚಾಗುತ್ತಿತ್ತು.

೧೯೨೧ರಲ್ಲಿ ಗಾಂಧೀಜಿಯವರು ಅಸ್ಸಾಮಿಗೆ ಹೋಗಿದ್ದರು. ಅಸಹಕಾರದ ಆ ದಿನಗಳಲ್ಲಿ ಸ್ವಯಂಸೇವಕರು ಹಳ್ಳಿಹಳ್ಳಿಗೆ ಹೋಗಿ ಬೋಧಿಸಿದ್ದರಿಂದ ಅಫೀಮಿನ ಮಾರಾಟವು ಎದ್ದು ಕಾಣುವಂತೆ ಇಳಿಯಿತು. ಇದರಿಂದ ತಿಳಿದುಬಂದ ಸಂಗತಿಯೇನು? ಜನರು ಬಿಡಲೊಲ್ಲರೆಂದು ೧೮೯೫ರಲ್ಲಿ ಬರೆದುದು ಎಲ್ಲ ಕಡೆಗೂ ಎಲ್ಲ ಕಾಲಕ್ಕೂ ಸಲ್ಲುವ ಮಾತಲ್ಲವೆಂಬುದು. ತರುವಾಯ ೧೯೨೪ರಲ್ಲಿ, ರವೀಂದ್ರನಾಥ ಠಾಕೂರರ ಮಿತ್ರರಾದ ಸಿ. ಎಫ್. ಆಂಡ್ರೂಸ್ ಅವರ ಪ್ರೇರಣೆಯಿಂದ, ಅಸ್ಸಾಮಿನ ಕಾಂಗ್ರೆಸ್ಸು ತಾನೇ ಒಂದು ವಿಚಾರಣಾ ಸಮಿತಿಯನ್ನು ನೇಮಿಸಿತು. ಕುಲಧರ ಚಲಿಹಾ ಅವರು ಅಧ್ಯಕ್ಷರು. ಸಮಿತಿಗೆ ಸರ್ಕಾರದ ಅಧಿಕಾರವಿಲ್ಲ, ಬೊಕ್ಕಸದ ಹಣವಿಲ್ಲ. ಅದು ಜಿಲ್ಲೆಗಳನ್ನು ತಿರುಗಿ ಸಾಕ್ಷ್ಯವನ್ನು ಕೂಡಿಸಿ ೧೯೨೫ರಲ್ಲಿ ವರದಿಯನ್ನು ಪ್ರಕಟಿಸಿತು.

ಆ ವರದಿಯ ಸಲಹೆಗಳನ್ನು ಓದಿದರೆ ಮನಸ್ಸಿಗೆ ಒಂದು ಸಮಾಧಾನವುಂಟಾಗುತ್ತದೆ. ಅಫೀಮಿನ ಮಾರಾಟವು ಕಡೆಗೆ ಔಷಧಕ್ಕೂ ಶಾಸ್ತ್ರಕ್ಕೂ ಬೇಕಾದಷ್ಟಕ್ಕೇ ನಿಲ್ಲಬೇಕು. ಇದಕ್ಕೆ ಐದು ವರ್ಷಗಳ ಅವಧಿ. ಆ ಅವಧಿಯಲ್ಲಿ ನಲವತ್ತು ವರ್ಷ ದಾಟಿದ ವ್ಯಸನಿಗಳ ಹೆಸರನ್ನು ಪಟ್ಟಿಯಲ್ಲಿ ಬರೆದು ಅವರಿಗೆ ಗೊತ್ತಾದ ಪ್ರಮಾಣವನ್ನು ಕೊಡಬೇಕು. ನಲವತ್ತರ ಒಳಗಿನವರನ್ನು ರೋಗಿಗಳೆಂದು ಭಾವಿಸಿ ವೈದ್ಯರ ಮೂಲಕ ನೋಡಿಕೊಳ್ಳಬೇಕು. ಅಪ್ಪಣೆಯ ಚೀಟಿಯನ್ನು ಕಾಲಕಾಲಕ್ಕೆ ಹೊಸದಾಗಿ ಪಡೆಯಬೇಕು. ಐದು ವರ್ಷಗಳು ಕಳೆದ ಮೇಲೆ ಅಫೀಮನ್ನು ವಿಷಗಳ ಪಟ್ಟಿಗೆ ಸೇರಿಸಬೇಕು. ಎಷ್ಟೋ ವರ್ಷಗಳ ಚಟದ ಮುದುಕನನ್ನು ಒಮ್ಮೆಗೇ ಹಿಂಸೆಪಡಿಸಬಾರದು, ಹರೆಯದವನನ್ನು ಕೈಬಿಡಲೂಬಾರದು ಎಂಬ ವಿವೇಕವು ಇದರಲ್ಲಿದೆ. ಕಾನಿಯಾ ಎಂಬವನು ಇಲ್ಲಿ ಲೆಕ್ಕದ ಪುಸ್ತಕದ ಅಂಕಿಯಾಗಿಲ್ಲ; ವಯಸ್ಸುಳ್ಳ, ಮೈಯುಳ್ಳ, ನಾಳೆಯ ದಿನವುಳ್ಳ ಮನುಷ್ಯನಾಗಿದ್ದಾನೆ.

ಈ ಸಮಿತಿಯು ಮೊದಲೇ ಒಂದು ಪಕ್ಷವನ್ನು ಹಿಡಿದಿದ್ದಿತಲ್ಲ ಎಂದು ಕೇಳುವವರುಂಟು. ಹೌದು, ಹಿಡಿದಿದ್ದಿತು. ಬ್ರಾಸಿಯವರ ಕಮಿಷನ್ನೂ ಪಕ್ಷವಿಲ್ಲದುದಾಗಿರಲಿಲ್ಲ. ಭೇದವು ಪ್ರಶ್ನೆಯಲ್ಲಿದೆ. ‘ಬೇಕೆ’ ಎಂದು ಕೇಳಿದರೆ, ಇದ್ದುದನ್ನು ಇದ್ದಂತೆ ಬಿಡುವುದಕ್ಕೆ ನೂರು ಕಾರಣಗಳು ದೊರೆಯುತ್ತವೆ. ‘ಹೇಗೆ’ ಎಂದು ಕೇಳಿದವನು ಎಷ್ಟು ವರ್ಷ, ಯಾರಿಗೆ, ಯಾರ ಕೈಯಿಂದ, ಎಷ್ಟು ಪ್ರಮಾಣ ಎಂಬ ಕೆಲಸದ ಮಾತಿಗೆ ಬರಲೇಬೇಕಾಗುತ್ತದೆ. ಅಸ್ಸಾಮಿನ ಸಮಿತಿಯು ಕೇಳಿದುದು, ಮೂವತ್ತು ವರ್ಷಗಳ ಹಿಂದೆ ಕಾಮನ್ಸ್ ಸಭೆಯು ಪಕ್ಕಕ್ಕಿಟ್ಟ ಆಲ್‌ಫ್ರೆಡ್ ವೆಬ್ಬರ ಪ್ರಶ್ನೆಯ ಜಾತಿಯದೇ. ಫಲವು ಒಡನೆಯೇ ದೊರೆಯಲಿಲ್ಲ. ೧೯೨೬ರಲ್ಲಿ ಭಾರತ ಸರ್ಕಾರವು ಔಷಧಕ್ಕಲ್ಲದ ರಫ್ತನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಹೇಳಿ ೧೯೩೫ಕ್ಕೆ ನಿಲ್ಲಿಸಿತು. ೧೯೩೯ರ ಏಪ್ರಿಲಿನಲ್ಲಿ ಗೋಪೀನಾಥ ಬರ್ದೊಲಾಯ್ ಅವರ ಮಂತ್ರಿಮಂಡಲವು ಅಸ್ಸಾಮಿನ ಕೆಲವು ಭಾಗಗಳಲ್ಲಿ ಅಫೀಮಿನ ನಿಷೇಧವನ್ನು ಕೈಕೊಂಡಿತು. ಸ್ವಾತಂತ್ರ್ಯ ಬಂದ ಮೇಲೆ ಇಡೀ ದೇಶದಲ್ಲಿ ೧೯೫೯ರ ಏಪ್ರಿಲ್ ಒಂದರಿಂದ, ಪಟ್ಟಿಯಲ್ಲಿ ಹೆಸರಿದ್ದ ವ್ಯಸನಿಗಳಿಗೆ ಹೊರತು, ಅಫೀಮನ್ನು ತಿನ್ನುವುದಕ್ಕಾಗಿ ಒದಗಿಸುವುದು ನಿಂತಿತು. ಪಟ್ಟಿಯನ್ನು ಇಟ್ಟು ಹಂತಹಂತವಾಗಿ ನಡೆಯುವ ಕ್ರಮವು ಚಲಿಹಾ ಸಮಿತಿಯ ಸಲಹೆಯಲ್ಲಿ ಆಗಲೇ ಇದ್ದಿತೆಂಬುದನ್ನು ಕೇಳುಗರು ಗಮನಿಸಬೇಕು.

ಪ್ರಶ್ನೆಯು ಸರಿಯಾಗಿದ್ದು, ಬಲ್ಲವರೂ ಕುಳಿತಿದ್ದರೆ ಸಾಕೆ? ಕೇಳುವ ಕಿವಿಯೂ ಬೇಕು. ಇದಕ್ಕೆ ಇಂಗ್ಲೆಂಡಿನಲ್ಲಿಯೇ ಉದಾಹರಣೆಯಿದೆ. ಅಲ್ಲಿ ೧೯೨೬ರಲ್ಲಿ ಸರ್ ಹಂಫ್ರಿ ರೋಲ್‌ಸ್ಟನ್ ಎಂಬ ವೈದ್ಯರ ಸಮಿತಿಯು, ವ್ಯಸನವು ರೋಗ, ವ್ಯಸನಿಯ ಆರೈಕೆಯು ವೈದ್ಯನ ಕೆಲಸ ಎಂದು ಹೇಳಿತು. ಆ ಮಾತು ನಾಲ್ಕು ದಶಕಗಳ ಕಾಲ ಆ ದೇಶದ ನಡೆಯನ್ನು ತಿದ್ದಿತು. ೧೯೭೧ರ ಕಾನೂನಿನಿಂದ ಅಲ್ಲಿ ಶಾಶ್ವತವಾದ ಸಲಹಾ ಮಂಡಲಿಯೇ ಏರ್ಪಟ್ಟಿತು. ಆದರೆ ೨೦೦೯ರಲ್ಲಿ ಅದರ ಅಧ್ಯಕ್ಷರಾಗಿದ್ದ ಡೇವಿಡ್ ನಟ್ ಎಂಬ ವಿಜ್ಞಾನಿಗಳು ಸರ್ಕಾರದ ನೀತಿಗೆ ಹೊಂದದ ಅಭಿಪ್ರಾಯವನ್ನು ಬಹಿರಂಗವಾಗಿ ಹೇಳಿದರೆಂದು ಗೃಹಮಂತ್ರಿಯು ಅವರನ್ನು ಪದವಿಯಿಂದ ತೆಗೆದುಹಾಕಿದರು. ಸಲಹೆ ಕೇಳುವವನಿಗೆ ತನ್ನ ಮಾತಿನ ಪ್ರತಿಧ್ವನಿಯೇ ಬೇಕಾಗಿದ್ದರೆ ಮಂಡಲಿಯ ಖರ್ಚಾದರೂ ಏತಕ್ಕೆ?

ನಮ್ಮ ದೇಶದ ೧೯೮೫ರ ಮಾದಕವಸ್ತುಗಳ ಕಾನೂನಿನ ಆರನೆಯ ವಿಧಿಯೂ ಒಂದು ಸಲಹಾ ಸಮಿತಿಯನ್ನು ಹೇಳುತ್ತದೆ. ಕೇಂದ್ರ ಸರ್ಕಾರವು ಇಷ್ಟಪಟ್ಟರೆ ಅದನ್ನು ರಚಿಸಬಹುದು; ಒಬ್ಬ ಅಧ್ಯಕ್ಷ, ಇಪ್ಪತ್ತನ್ನು ಮೀರದ ಸದಸ್ಯರು; ಸರ್ಕಾರವು ಆಗಾಗ್ಗೆ ಒಪ್ಪಿಸಿದ ವಿಷಯಗಳ ಮೇಲೆ ಅವರು ಸಲಹೆಯನ್ನು ಕೊಡಬೇಕು. ಸದಸ್ಯರು ಎಂಥವರಿರಬೇಕೆಂಬುದನ್ನು ಆ ವಿಧಿಯು ಹೇಳುವುದಿಲ್ಲ. ಪ್ರಶ್ನೆಯನ್ನು ಹಾಕುವ ಅಧಿಕಾರವೂ, ಯಾರು ಕೂಡಬೇಕೆಂಬ ಅಧಿಕಾರವೂ ಪೂರ್ತಿಯಾಗಿ ಸರ್ಕಾರದ ಕೈಯಲ್ಲಿಯೇ ಉಳಿದಿವೆ. ೧೮೯೩ರ ಜೂನ್ ೩೦ರ ಕಥೆಯನ್ನು ಕೇಳಿದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಕಾನೂನಿನ ಕಠಿಣವಾದ ಕಟ್ಟುಪಾಡುಗಳಿಗೆ ಹೆದರಿ ಆಸ್ಪತ್ರೆಗಳು ಮಾರ್ಫಿಯಾವನ್ನು ಇಟ್ಟುಕೊಳ್ಳುವುದನ್ನೇ ಬಿಟ್ಟದ್ದರಿಂದ, ಅರ್ಬುದ ರೋಗದ ಕಡೆಯ ದಿನಗಳಲ್ಲಿರುವವರು ನೋವಿನಲ್ಲಿಯೇ ಕಣ್ಣು ಮುಚ್ಚಿದ್ದುಂಟು. ಈ ತೊಡಕನ್ನು ಸಡಿಲಿಸುವ ತಿದ್ದುಪಡಿಯು ೨೦೧೪ರಲ್ಲಿ, ಸುಮಾರು ಮೂರು ದಶಕಗಳ ಅನಂತರ ಬಂದಿತು. ನೋವುಣ್ಣುವವನ ಪರವಾಗಿ ಮಾತನಾಡುವವರು ಮೊದಲೇ ಮಂಡಲಿಯಲ್ಲಿದ್ದಿದ್ದರೆ ಇಷ್ಟು ತಡವಾಗುತ್ತಿದ್ದಿತೆ?

ಈ ದೃಷ್ಟಿಯಿಂದ ಅಮೆರಿಕದ ಮಿನೆಸೋಟಾ ಎಂಬ ಸಂಸ್ಥಾನದ ಕ್ರಮವು ವಿಚಾರಾರ್ಹವಾಗಿದೆ. ೧೯೯೦ರ ದಶಕದಿಂದ ಆ ದೇಶದಲ್ಲಿ, ವೈದ್ಯರೇ ಬರೆದುಕೊಟ್ಟ ಅಫೀಮು ಜಾತಿಯ ಗುಳಿಗೆಗಳಿಂದ ಆರಂಭವಾದ ವ್ಯಸನವು ಲಕ್ಷಗಟ್ಟಲೆ ಜನರ ಪ್ರಾಣವನ್ನು ತೆಗೆಯಿತು. ಮಿನೆಸೋಟಾ ೨೦೧೯ರಲ್ಲಿ ಕಾನೂನನ್ನು ಮಾಡಿ, ಆ ಔಷಧಗಳನ್ನು ತಯಾರಿಸಿ ಮಾರುವವರಿಂದಲೇ ಶುಲ್ಕವನ್ನು ವಸೂಲುಮಾಡಿ, ಆ ಹಣದ ವಿನಿಯೋಗಕ್ಕೆ ಒಂದು ಸಲಹಾ ಮಂಡಲಿಯನ್ನು ಸ್ಥಾಪಿಸಿತು. ಅದರಲ್ಲಿ ವೈದ್ಯರೂ ಅಧಿಕಾರಿಗಳೂ ಉಂಟು. ಅವರ ಸಮಕ್ಕೆ, ವ್ಯಸನದಿಂದ ಚೇತರಿಸಿಕೊಳ್ಳುತ್ತಿರುವವರಿಗೂ, ದೀರ್ಘಕಾಲದ ನೋವಿನಿಂದ ಬಳಲುವವರಿಗೂ, ಅಲ್ಲಿಯ ಮೂಲನಿವಾಸಿಗಳಿಗೂ ಕಾನೂನಿನಲ್ಲಿಯೇ ಪೀಠವಿದೆ. ಅಫೀಮಿನ ಎರಡು ಮುಖಗಳನ್ನೂ ತನ್ನ ಮೈಮೇಲೆಯೇ ಅರಿತವರು ಆ ಮೇಜಿನ ಸುತ್ತ ಕುಳಿತಿರುತ್ತಾರೆ.

ನಮ್ಮ ದೇಶಕ್ಕೆ ಇದು ದೂರದ ಮಾತಲ್ಲ. ಭಾರತ ಸರ್ಕಾರದ ಪರವಾಗಿ ದೆಹಲಿಯ ವೈದ್ಯವಿಜ್ಞಾನ ಸಂಸ್ಥೆಯವರು ನಡೆಸಿ ೨೦೧೯ರಲ್ಲಿ ಪ್ರಕಟಿಸಿದ ಗಣತಿಯ ಪ್ರಕಾರ, ಅಫೀಮು ಜಾತಿಯ ವಸ್ತುಗಳನ್ನು ಸೇವಿಸುವವರು ದೇಶದಲ್ಲಿ ಸುಮಾರು ೨ ಕೋಟಿ ೨೬ ಲಕ್ಷ. ಅವರಲ್ಲಿ ನೆರವಿಲ್ಲದೆ ಪಾರಾಗಲಾರದ ಸ್ಥಿತಿಯಲ್ಲಿದ್ದವರು ಸುಮಾರು ೭೭ ಲಕ್ಷ. ಆ ಗಣತಿಯಲ್ಲಿ ಹಿಂದಿನ ಅಫೀಮಿಗಿಂತ ಹೆರಾಯಿನ್ನೂ ಔಷಧದಂಗಡಿಯ ಗುಳಿಗೆಗಳೂ ಮುಂದಾಗಿದ್ದವು. ವಸ್ತುವು ಬದಲಾಗಿದೆ, ಪ್ರಶ್ನೆಯು ಬದಲಾಗಿಲ್ಲ.

ಆದುದರಿಂದ ಇನ್ನು ಮುಂದೆ ಯಾವುದಾದರೂ ಸರ್ಕಾರವು ಮಾದಕವಸ್ತುಗಳ ವಿಷಯದಲ್ಲಿ ಸಲಹಾ ಮಂಡಲಿಯನ್ನು ರಚಿಸಿತೆಂಬ ಸುದ್ದಿಯನ್ನು ನಾವು ಪತ್ರಿಕೆಯಲ್ಲಿ ಓದಿದಾಗ, ಅಧ್ಯಕ್ಷರು ಎಷ್ಟು ದೊಡ್ಡವರು, ವರದಿಯು ಎಷ್ಟು ಸಂಪುಟವಾದೀತು ಎಂಬುದನ್ನು ನೋಡಿ ಸಮಾಧಾನಪಡಬೇಕಾಗಿಲ್ಲ. ಅವರಿಗೆ ಒಪ್ಪಿಸಿದ ಪ್ರಶ್ನೆ ಯಾವುದು? ಆ ಪ್ರಶ್ನೆಯನ್ನು ಬರೆದವರು ಯಾರು? ಅವರ ಉತ್ತರವು ರುಚಿಸದಿದ್ದಾಗ ಅದನ್ನು ಕೇಳುವರೆ? ವ್ಯಸನದ ಉರಿಯಿಂದ ಹೊರಗೆ ಬಂದವನೊಬ್ಬನು, ಅಥವಾ ಅಂಥವನ ತಾಯಿಯೊಬ್ಬಳು, ಆ ಮೇಜಿನ ಬಳಿ ಕುಳಿತಿದ್ದಾಳೆಯೆ? ಈ ನಾಲ್ಕನ್ನು ವಿಚಾರಿಸಿಕೊಂಡರೆ ಮಂಡಲಿಯ ಫಲವನ್ನು ಬಹುಮಟ್ಟಿಗೆ ಮುಂದಾಗಿಯೇ ಊಹಿಸಬಹುದು. ೭೨೩ ಸಾಕ್ಷಿಗಳನ್ನು ಕೇಳಿಯೂ ಬ್ರಾಸಿಯವರ ಕಮಿಷನ್ನು ಕಾಣದೆ ಹೋದುದನ್ನು ಅಸ್ಸಾಮಿನ ಬಡ ಸಮಿತಿಯೊಂದು ಕಂಡಿತು. ಅದರ ವರದಿಯಲ್ಲಿ ನಲವತ್ತು ದಾಟಿದ ಕಾನಿಯಾನಿಗೂ, ನಲವತ್ತರೊಳಗಿನ ಕಾನಿಯಾನಿಗೂ ಬೇರೆ ಬೇರೆಯಾಗಿ ಒಂದೊಂದು ಸಾಲು ದೊರೆತುದನ್ನು ನಾವು ಚರಿತ್ರೆಯ ಸಣ್ಣ ಸಂಗತಿಯೆಂದು ಎಣಿಸಲಾರೆವು.